2,700 ರೂಪಾಯಿ ಬಿಲ್ಲಿಗೆ 9,000 ರೂಪಾಯಿ ಉಳಿತಾಯ: ನಾನು ನಂಬಿದ ಸೋಲಾರ್ ಲೆಕ್ಕ

ಪುಣೆ, ಪಿಂಪ್ರಿ-ಚಿಂಚವಡ ಕಡೆ ಸ್ವಂತ ಗಚ್ಚಿ ಇರುವ ನಮ್ಮವರು ಯಾರಾದರೂ ಸೋಲಾರ್ ಹಾಕಿಸುವ ಯೋಚನೆಯಲ್ಲಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನೊಮ್ಮೆ ಓದಿ. ಸೋಲಾರೇ ಬೇಡ ಅನ್ನುತ್ತಿಲ್ಲ. ನಾನು ಹಾಕಿಸಿದ ಹಾಗೆ ಹಾಕಿಸಬೇಡಿ, ಅಷ್ಟೇ.

ನಮ್ಮದು ನಿಗಡಿ ಪ್ರಾಧಿಕರಣ ಬಡಾವಣೆಯಲ್ಲಿ ಒಂದು ಸಣ್ಣ ಬಂಗಲೆ. ಧಾರವಾಡ ಬಿಟ್ಟು ಇಲ್ಲಿಗೆ ಬಂದು 27 ವರ್ಷವಾಯಿತು. ಹೋದ ವರ್ಷ ಮೇ ತಿಂಗಳಲ್ಲಿ, ಮದುವೆಯೊಂದರಲ್ಲಿ ಪರಿಚಯವಾದವರ ಕಡೆಯಿಂದ ಸೋಲಾರ್ ಹಾಕಿಕೊಡುವ ಒಬ್ಬ ಹುಡುಗ ಮನೆಗೆ ಬಂದ. "ನಾವೂ ಬೆಳಗಾವಿ ಕಡಿಯವ್ರರೀ ಮಾಮಾ" ಅಂದ. ಪ್ಲಂಬರ್‌ನಿಂದ ಹಿಡಿದು ಬ್ಯಾಂಕಿನ ತನಕ ಎಲ್ಲರ ಜೊತೆ ಮರಾಠಿಯಲ್ಲಿ ಚೌಕಾಶಿ ಮಾಡುತ್ತ ಬಂದವನಿಗೆ ಆ ಒಂದು 'ಮಾಮಾ' ಎಷ್ಟು ದುಬಾರಿ ಬಿತ್ತು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಅವನ ಹಾಳೆಯಲ್ಲಿದ್ದ ಲೆಕ್ಕ ಹೀಗಿತ್ತು. 5 ಕಿಲೋವ್ಯಾಟ್, ಒಂಬತ್ತು ಪ್ಯಾನೆಲ್, 3,10,000 ರೂಪಾಯಿ. ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ 78,000 ಕಳೆದರೆ 2,32,000. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್, ಅಂದರೆ ತಿಂಗಳಿಗೆ 600. ಯೂನಿಟ್‌ಗೆ 15 ರೂಪಾಯಿಯಂತೆ ತಿಂಗಳಿಗೆ 9,000 ಉಳಿತಾಯ. ಎರಡು ವರ್ಷ ಎರಡು ತಿಂಗಳಿಗೆ ಅಸಲು ವಾಪಸ್, ಆಮೇಲೆ ಇಪ್ಪತ್ತಮೂರು ವರ್ಷ ಪುಕ್ಕಟೆ ಕರೆಂಟು.

ದಿನಕ್ಕೆ ನಾಲ್ಕು ಯೂನಿಟ್ ಅನ್ನುವುದು ವರ್ಷದ ಸರಾಸರಿಯಾಗಿ ಸುಳ್ಳೇನಲ್ಲ. ಸಬ್ಸಿಡಿಯ ಮೊತ್ತವೂ ಸರಿಯೇ. ಸಹಿ ಹಾಕಿ, ಹಣ ಕಟ್ಟಿ, ಪ್ಯಾನೆಲ್ ಏರಿಸಿ ಎಲ್ಲ ಮುಗಿದ ಮೇಲೆ ನನ್ನ ಮಗಳು ಆ ಹಾಳೆ ಕೈಗೆತ್ತಿಕೊಂಡಳು. "ಅಪ್ಪಾ, ನಮ್ಮ ಲೈಟ್ ಬಿಲ್ಲ ಬರೂದ ಎರಡ ಸಾವಿರದ ಏಳ್ನೂರು. ಒಂಬತ್ತ ಸಾವಿರ ಎಲ್ಲಿಂದ ಉಳೀತೈತಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಮೂವತ್ತು ವರ್ಷ ಕಾರ್ಖಾನೆಯ ಸ್ಟೋರ್ಸ್ ಲೆಕ್ಕ ಬರೆದವನು ನಾನು!

ನಮ್ಮ ಮನೆಯ ಬಳಕೆ ತಿಂಗಳಿಗೆ 250 ಯೂನಿಟ್ ದಾಟುವುದಿಲ್ಲ. ಇಲ್ಲಿ ಕರೆಂಟ್ ಕೊಡುವ ಸರ್ಕಾರಿ ಕಂಪನಿ ಮಹಾವಿತರಣದ ದರ ಹಂತಹಂತವಾಗಿದೆ: ಮೊದಲ 100 ಯೂನಿಟ್ ಅಗ್ಗ, 101ರಿಂದ 300ರವರೆಗೆ ಹೆಚ್ಚುಕಡಿಮೆ ಅದರ ಎರಡರಷ್ಟು, ಆಮೇಲೆ ಇನ್ನೂ ಜಾಸ್ತಿ. ಹುಡುಗ ಹಿಡಿದ 15 ರೂಪಾಯಿ ನಾವು ಎಂದೂ ಮುಟ್ಟದ ಹಂತದ್ದು. ಉಳಿದ 350 ಯೂನಿಟ್ ಏನಾಗುತ್ತದೆ? "ಸರ್ಕಾರನ ತಗೋತೈತ್ರಿ" ಅಂದಿದ್ದ. ನಾವು ತಗೊಂಡ ಕರೆಂಟು, ಲೈನಿಗೆ ಕೊಟ್ಟ ಕರೆಂಟು ಎರಡನ್ನೂ ಅಳೆಯುವ ನೆಟ್ ಮೀಟರ್‌ನಲ್ಲಿ ಹೆಚ್ಚಾದ ಯೂನಿಟ್ ಮುಂದಿನ ತಿಂಗಳಿಗೆ ಜಮೆಯಾಗುತ್ತ ಹೋಗುತ್ತದೆ, ಅದು ನಿಜ. ಮಾರ್ಚ್ 31ಕ್ಕೆ ಆ ಖಾತೆ ಚುಕ್ತಾ. ಆಗ ಉಳಿದಿದ್ದಕ್ಕೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಸ್ಥಿರ ಶುಲ್ಕ ಅಂತೂ ತಪ್ಪುವುದಿಲ್ಲ, ಹಾಗಾಗಿ 'ಝೀರೋ ಬಿಲ್' ಅನ್ನುವುದೂ ಪೂರ್ತಿ ನಿಜವಲ್ಲ.

ನನಗೆ ನಿಜವಾಗಿ ಉಳಿಯುತ್ತಿರುವುದು ತಿಂಗಳಿಗೆ ಸುಮಾರು 2,500. ಅಸಲು ಬರಲು ಏಳೂವರೆ ವರ್ಷದ ಮೇಲೆ ಬೇಕು. ಆಮೇಲೆ ಇನ್ನೊಬ್ಬರನ್ನು ವಿಚಾರಿಸಿದೆ. ನಮ್ಮ ಬಳಕೆಗೆ 2 ಕಿಲೋವ್ಯಾಟ್ ಸಾಕಾಗಿತ್ತು, ಅವರು ಹೇಳಿದ್ದು 1,40,000. ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಗೆ ಮುಗಿಯಿತು. 2 ಕಿಲೋವ್ಯಾಟ್‌ಗೆ 60,000 ಕಳೆದರೆ ಕೈಯಿಂದ ಹೋಗುವುದು 80,000. ಮೂರು ವರ್ಷದೊಳಗೆ ವಾಪಸ್. ನನ್ನ ನಾಲ್ಕನೆಯ, ಐದನೆಯ ಕಿಲೋವ್ಯಾಟ್‌ಗೆ ಸರ್ಕಾರದ ಒಂದು ಪೈಸೆಯೂ ಇಲ್ಲ. ಲಾಭವಾದದ್ದು ಹಾಕಿದವನಿಗೆ ಮಾತ್ರ.

ಇನ್ನು ನೆರಳಿನ ಕಥೆ. ಹುಡುಗ ಗಚ್ಚಿ ಅಳೆದದ್ದು ಮೇ ತಿಂಗಳ ಮಟಮಟ ಮಧ್ಯಾಹ್ನ. ಪುಣೆ 18.5 ಡಿಗ್ರಿ ಅಕ್ಷಾಂಶದಲ್ಲಿದೆ, ಮೇ ಮಧ್ಯದ ಹೊತ್ತಿಗೆ ಇಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೂ ಆಗ ನೆರಳಿಲ್ಲ. ಮೆಟ್ಟಿಲ ಮೇಲಿನ ಕೋಣೆ, ಅದರ ಮೇಲಿನ ನೀರಿನ ಟಾಕಿ, ಇವುಗಳ ಉತ್ತರಕ್ಕೇ ಅವನು ಗುರುತು ಹಾಕಿದ. ನನ್ನ ಹೆಂಡತಿ ಅಲ್ಲೇ ನಿಂತಿದ್ದಳು. "ಛಳಿಗಾಲದಾಗ ಅಲ್ಲಿ ಕೌದಿ ಹಾಕಿದ್ರ ಸಂಜಿತನಾ ಒಣಗೂದಿಲ್ಲ ನೋಡ್ರಿ" ಅಂದಳು. ಹುಡುಗ ನಕ್ಕ. ನಾನೂ ನಕ್ಕೆ.

ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದು, ನಡುಮಧ್ಯಾಹ್ನಕ್ಕೂ ದಿಗಂತದಿಂದ ಸುಮಾರು 48 ಡಿಗ್ರಿಯಷ್ಟೇ ಮೇಲೇರುತ್ತಾನೆ. ಟಾಕಿ ಸೇರಿ ನಾಲ್ಕು ಮೀಟರ್ ಎತ್ತರದ ಕೋಣೆಯ ನೆರಳು ಹನ್ನೆರಡು ಗಂಟೆಗೇ ಮೂರೂವರೆ ಮೀಟರ್ ಚಾಚುತ್ತದೆ, ಬೆಳಿಗ್ಗೆ-ಸಂಜೆ ಇನ್ನೂ ಉದ್ದ. ಮೂರು ಪ್ಯಾನೆಲ್ ದಿನದ ಬಹುಪಾಲು ನೆರಳಲ್ಲಿ. ಎಲ್ಲವನ್ನೂ ಒಂದರ ವೈರಿಗೆ ಇನ್ನೊಂದರಂತೆ ಒಂದೇ ಸರಣಿಯಲ್ಲಿ ಜೋಡಿಸಿದ್ದರಿಂದ ಉಳಿದವುಗಳಿಗೂ ಪೆಟ್ಟು ಬಿತ್ತು. ದಿನಕ್ಕೆ 20 ಯೂನಿಟ್ ಅಂದದ್ದು 9-10ಕ್ಕೆ ಇಳಿಯಿತು. ಬೇಕಾದ್ದಕ್ಕಿಂತ ಜಾಸ್ತಿ ಪ್ಯಾನೆಲ್ ಇದ್ದವಲ್ಲ, ಅದಕ್ಕೇ ಬಿಲ್ ಏರಲಿಲ್ಲ. ಇದನ್ನು ಅದೃಷ್ಟ ಅನ್ನಬೇಕೋ ಏನನ್ನಬೇಕೋ.

ಹಾಂ, ಮಳೆಗಾಲದ್ದು ಬಿಟ್ಟೇಹೋಯಿತು. ಸ್ಟ್ಯಾಂಡ್ ಕೂರಿಸಲು ಗಚ್ಚಿಯ ಬ್ರಿಕ್‌ಬ್ಯಾಟ್ ಕೋಬಾ (ನೀರು ಇಳಿಯದಂತೆ ಇಟ್ಟಿಗೆ ಚೂರು ಹಾಕಿ ಮಾಡಿದ ಪದರ) ಕೊರೆದು ಬೋಲ್ಟ್ ಹಾಕಿದ್ದರು. ಜುಲೈನಲ್ಲಿ ದೇವರ ಕೋಣೆಯ ಮೂಲೆಯಿಂದ ನೀರು ಇಳಿಯತೊಡಗಿತು. ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಲು 38,000. ಕಾಂಕ್ರೀಟ್ ಕಟ್ಟೆಗಳ ಮೇಲೆ ಸ್ಟ್ಯಾಂಡ್ ಕೂರಿಸಿದ್ದರೆ ಗಚ್ಚಿ ಕೊರೆಯಬೇಕಾಗಿಯೇ ಇರಲಿಲ್ಲ ಎಂದು ರಿಪೇರಿಗೆ ಬಂದ ಮೇಸ್ತ್ರಿ ಹೇಳಿದ. ಹುಡುಗನಿಗೆ ಫೋನ್ ಮಾಡಿದರೆ "ಸೈಟ್ ಮ್ಯಾಲೆ ಅದೀನ್ರಿ ಮಾಮಾ", ಆಮೇಲೆ ಅದೂ ಇಲ್ಲ.

ಕರೆಂಟ್ ಹೋದಾಗಲೂ ಸೋಲಾರ್ ನಡೆಯುತ್ತದೆ ಎಂದುಕೊಂಡಿದ್ದರೆ ಅದನ್ನೂ ಬಿಡಿ. ಈ ಮೇನಲ್ಲಿ ಗಾಳಿಮಳೆಗೆ ಮರ ಬಿದ್ದು ಮರುದಿನ ಎರಡು ಗಂಟೆಯವರೆಗೆ ಕರೆಂಟಿರಲಿಲ್ಲ. ಮೇಲೆ ರಣಬಿಸಿಲು, ಒಂಬತ್ತು ಪ್ಯಾನೆಲ್, ಕೆಳಗೆ ಒಂದು ಫ್ಯಾನೂ ತಿರುಗಲಿಲ್ಲ. ಬ್ಯಾಟರಿ ಇಲ್ಲದ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಇಲ್ಲವಾದರೆ ನಮ್ಮ ಪ್ಯಾನೆಲ್‌ನ ಕರೆಂಟು ಲೈನಿಗೆ ಹೋಗಿ ಕಂಬ ಹತ್ತಿದ ಲೈನ್‌ಮನ್‌ಗೆ ಅಪಾಯ. ಸರಿಯಾದ ನಿಯಮವೇ. ಮಾರುವಾಗ ಯಾರೂ ಹೇಳುವುದಿಲ್ಲ, ಅಷ್ಟೇ.

ಯಾರೇ ಹಾಳೆ ಹಿಡಿದು ಬಂದರೂ ನಿಮ್ಮ ಲೈಟ್ ಬಿಲ್ ತೆಗೆದು ಎದುರಿಗಿಡಿ. ಹಿಂದಿನ ತಿಂಗಳುಗಳ ಯೂನಿಟ್ ಅದರಲ್ಲೇ ಅಚ್ಚಾಗಿರುತ್ತದೆ. ನೀವು ಕಟ್ಟುವ ಬಿಲ್ಲಿಗಿಂತ ಉಳಿತಾಯ ಜಾಸ್ತಿ ತೋರಿಸಿದರೆ ಚಹಾ ಕೊಟ್ಟು ಕಳಿಸಿ. ಸಬ್ಸಿಡಿ ಬೇಕಿದ್ದರೆ ಪ್ಯಾನೆಲ್ ದೇಶದಲ್ಲೇ ತಯಾರಾದ ಸೆಲ್‌ನದ್ದು ಎಂದು ಬಿಲ್ಲಿನಲ್ಲಿ ಬರೆಸಿ. ಆ ಹಣ ಎಲ್ಲ ಕೆಲಸ ಮುಗಿದ ಮೇಲೆ ನಿಮ್ಮ ಖಾತೆಗೇ ಬರುತ್ತದೆ.

ನೆರಳಿನ ಮೂರು ಪ್ಯಾನೆಲ್‌ಗಳನ್ನು ಪೂರ್ವದ ಕಡೆ ಸರಿಸಬೇಕೆಂದಿದ್ದೇನೆ. ಹೆಂಡತಿ ಒಪ್ಪಿಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ಒಂದು ಕೌದಿ ಹಾಸಿ ನೋಡಿದ ಮೇಲೆಯೇ ಬೋಲ್ಟ್ ಅಂತೆ.