ಸ್ಕೂಟರ್ ಮೇಲೆ ಹೋಗುವ ಬೇಸ್ ಸೆಟ್: ಲಿಟಲ್ ಮಾರ್ಕ್ 3 ಹೆಡ್ಡು, ಒಂದು 12 ಇಂಚಿನ ಕ್ಯಾಬು

ಹಗುರವಾದ ಬೇಸ್ ಗಿಟಾರ್ ಆಂಪ್ ಹುಡುಕುವವರು ಸಾಮಾನ್ಯವಾಗಿ ಎರಡೇ ಅಂಕಿ ನೋಡುತ್ತಾರೆ. ಎಷ್ಟು ವ್ಯಾಟ್, ಎಷ್ಟು ಕೆ.ಜಿ. ವರ್ಷಗಟ್ಟಲೆ ಇಂಥದ್ದೊಂದು ಸೆಟ್ ಹೊತ್ತು ಕಾರ್ಯಕ್ರಮಗಳಿಗೆ ಓಡಾಡಿದ ಮೇಲೆ ನನ್ನ ಅಭಿಪ್ರಾಯ ಬೇರೆ. ಇದರಲ್ಲಿ ನಿಜವಾಗಿ ದುಡಿಯುವುದು ಡಿಐ ಔಟ್ (ಬೇಸ್‌ನ ಸಿಗ್ನಲನ್ನು ನೇರ ಮಿಕ್ಸರಿಗೆ ಕಳಿಸುವ ಸಾಕೆಟ್) ಮತ್ತು ನಡುವಿನ ಸ್ವರಗಳನ್ನು ಏರಿಳಿಸುವ ಮಿಡ್ ನಾಬ್‌ಗಳು. ವ್ಯಾಟ್ ಆಮೇಲಿನ ಮಾತು.

ನನ್ನ ಹತ್ತಿರ ಇರುವುದು ಇಟಲಿಯ ಮಾರ್ಕ್‌ಬೇಸ್ ಕಂಪನಿಯ ಲಿಟಲ್ ಮಾರ್ಕ್ 3 ಹೆಡ್, ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್. ತೂಕ ಸುಮಾರು 3 ಕೆ.ಜಿ. 4 ಓಮ್‌ಗೆ 500 ವ್ಯಾಟ್, 8 ಓಮ್‌ಗೆ 300 ವ್ಯಾಟ್ (ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ). ಜೊತೆಗೆ 8 ಓಮ್‌ನ ಒಂದು 12 ಇಂಚಿನ ಕ್ಯಾಬ್, ಅಂದರೆ ಸ್ಪೀಕರ್ ಡಬ್ಬ. ಕ್ಯಾಬ್ ಮಾತ್ರ ಬ್ರ್ಯಾಂಡ್ ಮಾಲಲ್ಲ. ಬೆಂಗಳೂರಿನಲ್ಲೇ ಸ್ಪೀಕರ್ ಡಬ್ಬ ಮಾಡುವ ಒಬ್ಬರಿಂದ ಮಾಡಿಸಿದ್ದು. ಒಳಗೆ ನಿಯೋಡಿಮಿಯಂ ಮ್ಯಾಗ್ನೆಟ್‌ನ ಸ್ಪೀಕರ್, ಮೇಲೊಂದು ಸಣ್ಣ ಟ್ವೀಟರ್, ಸುತ್ತ ಪ್ಲೈವುಡ್. ಎಲ್ಲ ಸೇರಿ 14 ಕೆ.ಜಿ. ಆಸುಪಾಸು.

ನಾನು ಜಾಸ್ತಿ ನುಡಿಸುವುದು ಆರ್ಕೆಸ್ಟ್ರಾಗಳಲ್ಲಿ. ಗಣೇಶನ ಹಬ್ಬ, ನವೆಂಬರ್ ತುಂಬಾ ರಾಜ್ಯೋತ್ಸವ, ನಡುವೆ ಮದುವೆ ರಿಸೆಪ್ಷನ್‌ಗಳು. ಆಗೊಮ್ಮೆ ಈಗೊಮ್ಮೆ ಗೆಳೆಯರ ಜೊತೆ ಪಬ್‌ನಲ್ಲಿ ರಾಕ್. ಹೋಗುವುದು ಸ್ಕೂಟರಿನಲ್ಲಿ. ಗ್ಯಾಸ್ ಸಿಲಿಂಡರ್ ಒಯ್ಯುವ ಹಾಗೆ ಕ್ಯಾಬನ್ನು ಕಾಲಿನ ನಡುವೆ ಇಟ್ಟುಕೊಳ್ಳುತ್ತೇನೆ. ಹೆಡ್ ಇರುವ ಚೀಲ ಮುಂದಿನ ಕೊಕ್ಕೆಗೆ, ಬೇಸ್ ಬೆನ್ನಿಗೆ. ಮಳೆ ಬಂದರೆ ಮಾತ್ರ ಆಟೊ.

ಬೇಸ್ ಆಂಪ್ ಅಂದರೆ ಇಬ್ಬರು ಹಿಡಿದು ಎತ್ತುವ ಸಾಮಾನು ಅನ್ನುವ ಕಾಲವೊಂದಿತ್ತು. ಆಂಪೆಗ್ ಕಂಪನಿಯ ಎಸ್‌ವಿಟಿ ಬಂದದ್ದು 1969ರಲ್ಲಿ. 14 ವಾಲ್ವ್ (ಟ್ರಾನ್ಸಿಸ್ಟರ್ ಬದಲು ಇರುತ್ತಿದ್ದ ಗಾಜಿನ ಕೊಳವೆ), 300 ವ್ಯಾಟ್. ಆ ವರ್ಷದ ಅಮೆರಿಕ ಪ್ರವಾಸದಲ್ಲೇ ರೋಲಿಂಗ್ ಸ್ಟೋನ್ಸ್ ತಂಡ ಅದನ್ನು ಬಳಸಿತು. ಹೆಡ್ ಒಂದೇ 35 ಕೆ.ಜಿ. ದಾಟುತ್ತದೆ. ಅದರ ಜೊತೆಗಿನ ಎಂಟು ಸ್ಪೀಕರಿನ ಕ್ಯಾಬ್ 60 ಕೆ.ಜಿ.ಗೂ ಮೇಲೆ. ಬೇಸ್ ನುಡಿಸುವವರು ಅದನ್ನು ಫ್ರಿಜ್ ಅಂತಲೇ ಕರೆಯುತ್ತಾರೆ. ಅದರ ಸದ್ದು ಕೇಳಿದವರು ಮರೆಯುವುದಿಲ್ಲ, ಒಪ್ಪುತ್ತೇನೆ. ಆದರೆ ಕಲ್ಯಾಣ ಮಂಟಪದ ಹಿಂಬಾಗಿಲಿನ ಕಿರಿದಾದ ಮೆಟ್ಟಿಲಲ್ಲಿ ಅದನ್ನು ಹತ್ತಿಸುವವರು ಯಾರು?

ತೂಕ ಇಳಿದದ್ದು ಎಲ್ಲಿ ಅಂತ ತಿಳಿದುಕೊಂಡರೆ ಮುಂದೆ ರಿಪೇರಿಯ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ. ಹಳೇ ಆಂಪ್‌ನಲ್ಲಿ ದಪ್ಪ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು, ಯಾಕೆಂದರೆ ಅದು ನೇರವಾಗಿ ಮೇನ್ಸ್‌ನ 50 ಹರ್ಟ್ಸ್ ಮೇಲೆ ಕೆಲಸ ಮಾಡಬೇಕಿತ್ತು. ಈಗಿನದರಲ್ಲಿ ಸ್ವಿಚಿಂಗ್ ಪವರ್ ಸಪ್ಲೈ ಇರುತ್ತದೆ, ಕಂಪ್ಯೂಟರಿನಲ್ಲಿ ಇರುವ ಬಗೆಯದ್ದು. ಅದು ಆವರ್ತನವನ್ನು ಹತ್ತಾರು ಸಾವಿರ ಹರ್ಟ್ಸ್‌ಗೆ ಏರಿಸುತ್ತದೆ. ಆಗ ಅಂಗೈಯಲ್ಲಿ ಹಿಡಿಯುವಷ್ಟು ಟ್ರಾನ್ಸ್‌ಫಾರ್ಮರ್ ಸಾಕು. ಪವರ್ ಭಾಗ ಸಾಮಾನ್ಯವಾಗಿ ಕ್ಲಾಸ್ ಡಿ. ಅದರಲ್ಲಿ ಟ್ರಾನ್ಸಿಸ್ಟರ್‌ಗಳು ಪೂರ್ತಿ ಆನ್ ಇಲ್ಲವೇ ಪೂರ್ತಿ ಆಫ್. ನಡುವೆ ನಿಂತು ಬಿಸಿಯಾಗುವುದಿಲ್ಲ. ಹಾಗಾಗಿ ದೊಡ್ಡ ಅಲ್ಯುಮಿನಿಯಂ ಹೀಟ್ ಸಿಂಕೂ ಬೇಡ. ಕ್ಯಾಬ್‌ನಲ್ಲಿ ಫೆರೈಟ್ ಮ್ಯಾಗ್ನೆಟ್ ಬದಲು ನಿಯೋಡಿಮಿಯಂ ಬಂತು. ನನ್ನ ಲೆಕ್ಕದಲ್ಲಿ ಬೆನ್ನಿಗೆ ದೊಡ್ಡ ಉಪಕಾರ ಮಾಡಿದ್ದು ಇದೇ. ಹೆಡ್ ಎಷ್ಟೇ ಪುಟ್ಟದಿದ್ದರೂ ಕ್ಯಾಬ್ 25 ಕೆ.ಜಿ. ಇದ್ದರೆ ಸೆಟ್ ಹಗುರ ಅನ್ನೋಕೆ ಆಗಲ್ಲ, ಅಲ್ವಾ?

ಇನ್ನು ಸದ್ದಿನ ವಿಷಯ. ಹೆಡ್‌ನಲ್ಲಿ ನಾಲ್ಕು ಬ್ಯಾಂಡಿನ ಈಕ್ಯೂ (ತಗ್ಗು, ನಡು, ಮೇಲಿನ ಸ್ವರಗಳನ್ನು ಬೇರೆ ಬೇರೆ ಏರಿಳಿಸುವ ನಾಬ್‌ಗಳು) ಇದೆ: ಲೋ 40 ಹರ್ಟ್ಸ್, ಮಿಡ್ ಲೋ 360, ಮಿಡ್ ಹೈ 800, ಹೈ 10,000. ಇದಲ್ಲದೆ ಎರಡು ಫಿಲ್ಟರ್ ನಾಬ್. ವಿಪಿಎಫ್ ತಿರುಗಿಸಿದರೆ 380 ಹರ್ಟ್ಸ್ ಸುತ್ತ ಇಳಿಯುತ್ತದೆ, ತೀರಾ ಕೆಳಗೂ ತೀರಾ ಮೇಲೂ ಏರುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಕೇಳಿದರೆ ಭಾರಿ ಚೆಂದ. ವೇದಿಕೆ ಮೇಲೆ ಕೀಬೋರ್ಡು, ರಿದಮ್ ಪ್ಯಾಡು (ಎಲೆಕ್ಟ್ರಾನಿಕ್ ಡ್ರಮ್ಸ್), ಎರಡು ಗಿಟಾರ್ ಶುರುವಾದ ಕೂಡಲೇ ಬೇಸ್ ಎಲ್ಲಿ ಹೋಯಿತು ಅಂತ ಹುಡುಕಬೇಕು. ನಾನು ಅದನ್ನು ಸೊನ್ನೆಯಲ್ಲೇ ಬಿಟ್ಟಿದ್ದೇನೆ. ವಿಎಲ್‌ಇ ಬೇರೆ ಥರ. ಮೇಲಿನ ಆವರ್ತನಗಳನ್ನು ಮೆಲ್ಲಗೆ ಕತ್ತರಿಸುತ್ತದೆ. ಎಂಬತ್ತರ ದಶಕದ ಹಾಡುಗಳಿಗೆ ಅದನ್ನು ಮೂರನೇ ಒಂದು ಭಾಗ ತಿರುಗಿಸಿದರೆ ತಂತಿಯ ಕಿರಿಕಿರಿ ಹೋಗಿ ದುಂಡನೆಯ ಸದ್ದು ಬರುತ್ತದೆ. ಈಗಿನ ಸ್ಲ್ಯಾಪ್ ಹಾಡು (ಹೆಬ್ಬೆರಳಲ್ಲಿ ತಂತಿಗೆ ಹೊಡೆದು ನುಡಿಸುವಂಥದ್ದು) ಬಂದರೆ ಪೂರ್ತಿ ಹಿಂದಕ್ಕೆ.

ನಾನು ಜಾಸ್ತಿ ಮುಟ್ಟುವುದು ಮಿಡ್ ನಾಬ್‌ಗಳನ್ನು. 360ನ್ನು ಒಂದಿಷ್ಟು ಏರಿಸಿದರೆ ಬೇಸ್ ಮುಂದೆ ಬರುತ್ತದೆ. 800 ಏರಿಸಿದರೆ ಬೆರಳಿನ ಹೊಡೆತ ಕೇಳುತ್ತದೆ. ಒಬ್ಬರೇ ಕೇಳಿದಾಗ ಇದು ಮೂಗುಸ್ವರ ಅನ್ನಿಸುತ್ತದೆ, ಹೆದರಬೇಡಿ. ತಂಡದ ಜೊತೆ ಸೇರಿದಾಗ ಅದೇ ಸರಿಯಾಗಿ ಕೂರುತ್ತದೆ. ನೆಲಕ್ಕೆ ಟೈಲ್ಸ್, ಗೋಡೆಗೆ ಗ್ರಾನೈಟ್ ಇರುವ ಹಾಲ್‌ಗಳಲ್ಲಿ 40ರ ನಾಬನ್ನು ಇಳಿಸುತ್ತೇನೆ. ಇಲ್ಲದಿದ್ದರೆ ಗುಂಯ್ ಅನ್ನುವುದೇ ಸಂಗೀತವಾಗುತ್ತದೆ.

ಒಂದೇ 12 ಇಂಚಿನಲ್ಲಿ ತಗ್ಗಿನ ಸ್ವರ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನಾಲ್ಕು ತಂತಿಯ ಬೇಸ್‌ನ ಕೆಳಗಿನ ಇ 41 ಹರ್ಟ್ಸ್, ಐದು ತಂತಿಯದರ ಬಿ 31 ಹರ್ಟ್ಸ್. ಇಷ್ಟು ಸಣ್ಣ ಡಬ್ಬದಲ್ಲಿ ಆ ಮೂಲ ಆವರ್ತನ ದಂಡಿಯಾಗಿ ಬರುವುದಿಲ್ಲ, ಬರಲು ಸಾಧ್ಯವೂ ಇಲ್ಲ. ಸಣ್ಣ ಡಬ್ಬ, ಆಳದ ಬೇಸ್, ಕಮ್ಮಿ ಪವರಿಗೆ ಜೋರು ಸದ್ದು: ಈ ಮೂರರಲ್ಲಿ ಎರಡು ಮಾತ್ರ ಒಟ್ಟಿಗೆ ಸಿಗುತ್ತವೆ. ಆದರೆ ಇ ತಂತಿ ಮೀಟಿದಾಗ 82, 123 ಹರ್ಟ್ಸ್‌ನ ಸ್ವರಗಳೂ ಜೊತೆಗೇ ಏಳುತ್ತವೆ. ಅವನ್ನು ಕೇಳಿಸಿಕೊಂಡ ಕಿವಿ ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ವೇದಿಕೆ ಮೇಲೆ ನನಗೆ ಅಷ್ಟು ಸಾಕು. ಎದೆಗೆ ಬಡಿಯುವ ಬೇಸ್ ಜನರಿಗೆ ತಲುಪಬೇಕಾದದ್ದು ಸೌಂಡಿನವರ ಸಬ್‌ಗಳಿಂದ, ಅಂದರೆ ತಗ್ಗಿನ ಸ್ವರಕ್ಕೇ ಇರುವ ದೊಡ್ಡ ಸ್ಪೀಕರ್‌ಗಳಿಂದ.

ಅದಕ್ಕೇ ಡಿಐ ಮುಖ್ಯ ಅಂದದ್ದು. ದೊಡ್ಡ ಆಂಪ್ ಇದ್ದ ಕಾಲದಲ್ಲಿ ಅದೇ ಸಭೆಗೂ ಕೇಳಬೇಕಿತ್ತು. ಈಗ ಬಯಲಿನ ಕಾರ್ಯಕ್ರಮದಲ್ಲಿ ನನ್ನ ಆಂಪ್‌ನ ಕೆಲಸ ಎರಡೇ. ನನಗೆ ಮತ್ತು ಪಕ್ಕದ ಡ್ರಮ್ಸಿನವರಿಗೆ ಕೇಳಿಸುವುದು, ಮಿಕ್ಸರಿಗೆ ಶುದ್ಧ ಸಿಗ್ನಲ್ ಕೊಡುವುದು. ಹೆಡ್‌ನ ಹಿಂದೆ ಎಕ್ಸ್‌ಎಲ್‌ಆರ್ (ಮೈಕ್ ಕೇಬಲಿನ ಮೂರು ಪಿನ್ನಿನ ಬಗೆ) ಲೈನ್ ಔಟ್ ಇದೆ, ಡಿಐ ಅಂದದ್ದು ಇದನ್ನೇ. ಅದನ್ನು ಈಕ್ಯೂಗೆ ಮೊದಲು ತೆಗೆಯಬೇಕಾ, ಆಮೇಲೆ ತೆಗೆಯಬೇಕಾ ಅನ್ನುವುದಕ್ಕೆ ಒಂದು ಸ್ವಿಚ್. ನಾನು ಯಾವಾಗಲೂ ಮೊದಲು ಅನ್ನುವುದರಲ್ಲೇ ಇಡುತ್ತೇನೆ. ವೇದಿಕೆಯ ಗುಂಯ್‌ಗಾಗಿ ನಾನು ಲೋ ಇಳಿಸಿದರೆ ಮೈದಾನದಲ್ಲಿ ಕೂತವರಿಗೆ ಬೇಸ್ ಯಾಕೆ ಕಮ್ಮಿಯಾಗಬೇಕು?

ಈ ಹೆಡ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಲೈನ್ ಔಟ್‌ಗೆ ಇರುವ ಬೇರೆ ವಾಲ್ಯೂಮ್ ನಾಬ್. ಹಾಡಿನ ಮಧ್ಯೆ ಮಿಕ್ಸರ್ ಕಡೆಯಿಂದ ಹುಡುಗ ಓಡಿಬರುತ್ತಾನೆ. “ಅಣ್ಣಾ, ಬೇಸ್ ಕ್ಲಿಪ್ ಆಗ್ತಿದೆ, ಸ್ವಲ್ಪ ಕಮ್ಮಿ ಮಾಡಿ!” ಸಿಗ್ನಲ್ ಮಿತಿಮೀರಿ ಸದ್ದು ಒಡೆಯುತ್ತಿದೆ ಅಂತ ಅರ್ಥ. ಆ ಒಂದು ನಾಬ್ ಇಳಿಸಿದರೆ ಮುಗಿಯಿತು. ನನ್ನ ಕಿವಿಗೆ ಬೀಳುವ ಸದ್ದು ಹಾಗೇ ಇರುತ್ತದೆ. ಎಷ್ಟೋ ಹೆಡ್‌ಗಳಲ್ಲಿ ಈ ಅನುಕೂಲ ಇಲ್ಲ. ಜೊತೆಗೆ ಗ್ರೌಂಡ್ ಲಿಫ್ಟ್ ಸ್ವಿಚ್, ಲೈನ್ ಔಟ್ ಕೇಬಲಿನ ಅರ್ತ್ ಸಂಪರ್ಕ ಮಾತ್ರ ಬಿಡಿಸುವಂಥದ್ದು. ಮಿಕ್ಸರ್ ಒಂದು ಕರೆಂಟ್ ಲೈನಿನಲ್ಲಿ, ವೇದಿಕೆ ಇನ್ನೊಂದು ಲೈನಿನಲ್ಲಿ ಇದ್ದರೆ ಜುಂಯ್ ಅನ್ನುವ ಹಮ್ ಬರುವುದು ಮಾಮೂಲು. ಈ ಸ್ವಿಚ್ ಒತ್ತಿದರೆ ಬಹಳಷ್ಟು ಸಲ ನಿಲ್ಲುತ್ತದೆ. ಅದಕ್ಕೂ ನಿಲ್ಲದಿದ್ದರೆ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಬೇಡ. ಒದ್ದೆ ನೆಲದ ಮೇಲೆ ನಿಂತು ಲೋಹದ ತಂತಿ ಮುಟ್ಟುವವರು ನಾವು.

ಕ್ಯಾಬ್ ಇಡುವ ಜಾಗದಿಂದಲೂ ತುಂಬಾ ವ್ಯತ್ಯಾಸವಾಗುತ್ತದೆ. ನೆಲದ ಮೇಲೆ ಇಟ್ಟರೆ ಅದು ನಿಮ್ಮ ಮೊಣಕಾಲಿಗೆ ನುಡಿಯುತ್ತದೆ. ಮೇಲಿನ ಸ್ವರಗಳು ನೇರ ಮುಂದಕ್ಕೆ ಹೋಗುವುದರಿಂದ ಹತ್ತಿರ ನಿಂತವರಿಗೆ ಬರೀ ಗುಡುಗುಡು. ಹಲಗೆಯ ವೇದಿಕೆಯಾದರೆ ಆ ಹಲಗೆಯೂ ಜೊತೆಗೆ ಅದುರುತ್ತದೆ. ಸೊಂಟದೆತ್ತರಕ್ಕೆ ಏರಿಸಿದರೆ ವಾಲ್ಯೂಮ್ ಅರ್ಧಕ್ಕೆ ಇಳಿಸಿದರೂ ಚೆನ್ನಾಗಿ ಕೇಳುತ್ತದೆ. ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ, ಗಡಗಡ ಅನ್ನುತ್ತದೆ. ಗಟ್ಟಿಯಾದ ಸ್ಟೂಲ್ ಅಥವಾ ಕೇಬಲ್ ತಂದ ಮರದ ಪೆಟ್ಟಿಗೆ ಒಳ್ಳೆಯದು.

ಪಬ್‌ನ ಕಥೆ ಬೇರೆ. ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡಿನ ಸದ್ದು ಸ್ಪೀಕರಿನಿಂದ ಬರುತ್ತದೆ, ವೇದಿಕೆ ಶಾಂತವಾಗಿರುತ್ತದೆ. ಪಬ್‌ನಲ್ಲಿ ನಿಜವಾದ ಡ್ರಮ್ಸ್, ಪಕ್ಕದಲ್ಲೇ ಸಿಂಬಲ್. ಅಲ್ಲಿ ಸಬ್ ಇಲ್ಲದ ಸಣ್ಣ ಪಿಎ (ಜನರಿಗೆ ಕೇಳಿಸುವ ಸೌಂಡ್ ಸಿಸ್ಟಮ್) ಇದ್ದರೆ ಒಂದೇ ಕ್ಯಾಬ್ ಏದುಸಿರು ಬಿಡುತ್ತದೆ. ಲೋ ಏರಿಸಿದಷ್ಟೂ ಸ್ಪೀಕರ್ ಪರಪರ ಅನ್ನುತ್ತದೆ ಹೊರತು ಸದ್ದು ಏರುವುದಿಲ್ಲ. ಹಾಗಾಗಿ ಅಂಥದ್ದೇ ಇನ್ನೊಂದು ಕ್ಯಾಬ್ ಮಾಡಿಸಿಕೊಂಡೆ. ಎರಡು 8 ಓಮ್ ಕ್ಯಾಬ್ ಪ್ಯಾರಲಲ್ ಆಗಿ ಸೇರಿದರೆ 4 ಓಮ್. ಹೆಡ್ 300 ವ್ಯಾಟ್‌ನಿಂದ 500ಕ್ಕೆ ಹೋಗುತ್ತದೆ. ಬರೀ ವ್ಯಾಟ್ ಲೆಕ್ಕ ಹಾಕಿದರೆ ಇದು 2 ಡೆಸಿಬೆಲ್‌ಗಿಂತ ತುಸು ಜಾಸ್ತಿ, ಅಷ್ಟೇ. ಸದ್ದು ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಪವರ್. ಆದರೆ ಎರಡು ಸ್ಪೀಕರ್ ಸೇರಿ ಎರಡರಷ್ಟು ಗಾಳಿ ತಳ್ಳುವುದರಿಂದ ಇನ್ನೊಂದು 3 ಡೆಸಿಬೆಲ್ ಸಿಗುತ್ತದೆ. ಒಟ್ಟು 5. ಡ್ರಮ್ಸ್ ಎದುರು ನಿಲ್ಲಲು ಅದು ಸಾಕಾಗುತ್ತದೆ. 500ರ ಬದಲು 800 ವ್ಯಾಟಿನ ಹೆಡ್ ಕೊಂಡು ಒಂದೇ ಕ್ಯಾಬಿಗೆ ಹಾಕುವುದಕ್ಕಿಂತ ಇದು ಜಾಣ ಖರ್ಚು. ಆದರೆ ಎರಡು ಕ್ಯಾಬ್ ಅಂದರೆ ಸ್ಕೂಟರ್ ಬಿಟ್ಟು ಯಾರದಾದರೂ ಕಾರ್ ಹುಡುಕಬೇಕು.

ಈಗ ದೂರುಗಳು. ಕ್ಯಾಬ್ ಮಾಡಿಕೊಟ್ಟವರ ಕೆಲಸ ಸದ್ದಿನ ಮಟ್ಟಿಗೆ ಚೆನ್ನಾಗಿದೆ, ಮರಗೆಲಸದ ಮಟ್ಟಿಗೆ ಸಾಲದು. ಹಿಡಿಕೆಯ ಸ್ಕ್ರೂಗಳು ನೇರ ಪ್ಲೈವುಡ್‌ಗೆ ಹೋಗಿದ್ದವು. ಮೊದಲ ವರ್ಷದಲ್ಲೇ ಸಡಿಲವಾಗಿ, ಒಳಗಿನಿಂದ ನಟ್ ಹಾಕಿಸಬೇಕಾಯಿತು. ಮೂಲೆಗೆ ರಕ್ಷಣೆ ಇರಲಿಲ್ಲ, ಮೇಲಿನ ರೆಕ್ಸಿನ್ ಕಿತ್ತು ಬಂತು. ಮಾಡಿಸುವವರು ಹಿಡಿಕೆ, ಮೂಲೆ, ಜಾಲರಿ ಈ ಮೂರನ್ನು ಮೊದಲೇ ಮಾತಾಡಿಕೊಳ್ಳಿ. ಸಾಕೆಟ್ ಸ್ಪೀಕಾನ್ ಆಗಿರಲಿ. ತಿರುಗಿಸಿದರೆ ಲಾಕ್ ಆಗುತ್ತದೆ, ಯಾರೋ ಎಡವಿದರೂ ಕಿತ್ತು ಬರುವುದಿಲ್ಲ. ಕೇಬಲ್ ಮರೆತರೆ ಸೌಂಡಿನವರ ಹತ್ತಿರ ಸಿಕ್ಕೇ ಸಿಗುತ್ತದೆ. ಗಿಟಾರ್ ಕೇಬಲ್ ಹಾಕಿ ಸುಧಾರಿಸಿಕೊಳ್ಳೋಣ ಅನ್ನಬೇಡಿ. ಅದರ ತಂತಿ ಇಷ್ಟು ಕರೆಂಟಿಗೆ ಮಾಡಿದ್ದಲ್ಲ, ಬಿಸಿಯಾಗಿ ಶಾರ್ಟ್ ಆದರೆ ಹೆಡ್‌ಗೇ ಅಪಾಯ.

ರಿಪೇರಿ ಈ ಜಾತಿಯ ಎಲ್ಲ ಹೆಡ್‌ಗಳ ದುರ್ಬಲ ಜಾಗ. ಇದಕ್ಕೂ ಮೊದಲು ಬೇರೊಂದು ಕಂಪನಿಯ ಹಗುರ ಹೆಡ್ ಇತ್ತು. ಜನರೇಟರ್ ಏರಿಳಿತಕ್ಕೆ ಪವರ್ ಬೋರ್ಡ್ ಹೋಯಿತು. ಹಳೇ ಆಂಪ್‌ಗಳನ್ನು ಕಣ್ಣು ಮುಚ್ಚಿ ಸರಿಮಾಡುವ ನಮ್ಮ ಮೆಕ್ಯಾನಿಕ್ ಇದನ್ನು ಬಿಚ್ಚಿ ನೋಡಿ, ಹಾಗೇ ಮುಚ್ಚಿ ಕೈಗೆ ಕೊಟ್ಟರು. ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗಗಳು, ಸರ್ಕ್ಯೂಟ್ ನಕ್ಷೆ ಇಲ್ಲ. ಬೋರ್ಡೇ ಬದಲಾಯಿಸಬೇಕು, ಅದಕ್ಕೆ ಸರ್ವಿಸ್ ಸೆಂಟರಿನವರು ತಿಂಗಳುಗಟ್ಟಲೆ ಕಾಯಿಸಿದರು. ಸೀಸನ್ ಪೂರ್ತಿ ಹೋಯಿತು. ಈಗ ಬಯಲು ಕಾರ್ಯಕ್ರಮಕ್ಕೆ ಹೋದರೆ ಮೊದಲು ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡುತ್ತೇನೆ. 230ರ ಆಸುಪಾಸು ನಿಂತರೆ ಮಾತ್ರ ಪ್ಲಗ್. ಫ್ಯಾನಿನ ಧೂಳನ್ನು ಹಬ್ಬದ ಸೀಸನ್ ಮುಗಿದ ಮೇಲೆ ಬ್ರಷ್ಷಿನಲ್ಲಿ ತೆಗೆಯುತ್ತೇನೆ.

ಹೆಡ್ಡು, ಕ್ಯಾಬು ಬೇರೆ ಬೇರೆ ಬೇಡ ಅನ್ನುವವರಿಗೆ ಫೆಂಡರ್ ರಂಬಲ್ 100 ಒಳ್ಳೆಯ ಕಾಂಬೋ. 12 ಇಂಚು, 100 ವ್ಯಾಟ್, ಸುಮಾರು 10 ಕೆ.ಜಿ., ಎಕ್ಸ್‌ಎಲ್‌ಆರ್ ಲೈನ್ ಔಟ್ ಕೂಡ ಇದೆ. ಆರ್ಕೆಸ್ಟ್ರಾ, ಸುಗಮ ಸಂಗೀತಕ್ಕೆ ಧಾರಾಳ. ರಂಬಲ್ 500 ಎರಡು 10 ಇಂಚಿನದು, ಒಳಗಿನ ಸ್ಪೀಕರಿಗೆ 350 ವ್ಯಾಟ್, ತೂಕ 16 ಕೆ.ಜಿ.ಗೆ ತುಸು ಮೇಲೆ. ಆಂಪೇ ಬೇಡ, ಪ್ರೀಆಂಪ್ ಪೆಡಲ್ (ಸದ್ದು ತಿದ್ದಿ ಮಿಕ್ಸರಿಗೆ ಕಳಿಸುವ ಪುಟ್ಟ ಪೆಟ್ಟಿಗೆ) ಮತ್ತು ಇಯರ್ ಮಾನಿಟರ್ (ತಮ್ಮ ಸದ್ದು ಕೇಳಿಕೊಳ್ಳುವ ಇಯರ್‌ಫೋನ್) ಸಾಕು ಅನ್ನುವ ಹುಡುಗರೂ ಈಗ ಜಾಸ್ತಿ. ಒಳ್ಳೆಯ ಸೌಂಡಿನವರಿದ್ದರೆ ಸರಿ. ಮಾನಿಟರ್ ಲೈನೇ ಕೊಡದ ಊರಹಬ್ಬದಲ್ಲಿ ಏನು ಕೇಳಿಕೊಂಡು ನುಡಿಸುತ್ತೀರಿ? ನನಗೆ ಬೆನ್ನ ಹಿಂದೆ ಒಂದು ಸ್ಪೀಕರ್ ಬೇಕು.

ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಅನ್ನುವ ನಿಯಮ ಇರುವುದರಿಂದ ಎಲ್ಲರೂ ಒಂದೇ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಾರೆ. ಉಳಿದವರು ಟಾಟಾ ಏಸ್‌ಗೆ ಕಾಯುವಾಗ ನಾನು ಹೊರಟಿರುತ್ತೇನೆ. ತೂಕ ಕಮ್ಮಿಯಾದದ್ದರ ನಿಜವಾದ ಸುಖ ಇದು.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಒಂದೆರಡು ಮಾತು. ಅಮೆರಿಕದಿಂದ ಯಾರೋ ತಂದ ಹೆಡ್ ಆದರೆ ಹಿಂದೆ ಬರೆದ ವೋಲ್ಟೇಜ್ ಓದದೆ ಪ್ಲಗ್ ಹಾಕಬೇಡಿ. ಅರ್ಧ ಗಂಟೆ ಜೋರಾಗಿ ನುಡಿಸಿ ನೋಡಿ, ಬಿಸಿಯಾದಾಗ ಫ್ಯಾನ್ ತಿರುಗುತ್ತಿದೆಯಾ ಗಮನಿಸಿ. ಪ್ರತಿ ನಾಬನ್ನೂ ಪೂರ್ತಿ ತಿರುಗಿಸಿ, ಕರಕರ ಬಂದರೆ ಬೆಲೆ ಇಳಿಸಲು ಕೇಳಿ. ಲೈನ್ ಔಟನ್ನು ಒಂದು ಮಿಕ್ಸರಿಗೆ ಹಾಕಿ ಕೇಳದೆ ದುಡ್ಡು ಕೊಡಬೇಡಿ. ಮಾರುವವರು ಸ್ಪೀಕರಿನ ಸದ್ದನ್ನಷ್ಟೇ ತೋರಿಸುತ್ತಾರೆ, ಡಿಐ ಸತ್ತಿದ್ದರೆ ಅದು ಗೊತ್ತಾಗುವುದೇ ಇಲ್ಲ.