ಎಡ ಮಂಡಿ ಕೈಗೆಲಸ, ಬಲ ಮಂಡಿ ರೋಬೋಟ್

ನನ್ನ ಎರಡೂ ಮಂಡಿ ಈಗ ಲೋಹದ್ದು. ಎಡಗಡೆಯದನ್ನು 2016ರಲ್ಲಿ ಹಳೇ ವಿಧಾನದಲ್ಲಿ ಹಾಕಿದರು, ಬಲಗಡೆಯದನ್ನು 2023ರಲ್ಲಿ ರೋಬೋಟ್ ಇಟ್ಟುಕೊಂಡು. ಆಪರೇಷನ್ನಿಗೆ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವುದು ಒಳ್ಳೇದು?

ಎಡಗಾಲಿಗೆ ನಡೆದ ತಯಾರಿ ಅಂದರೆ ಒಂದು ಉದ್ದನೆಯ ಎಕ್ಸ್‌ರೇ, ಅಷ್ಟೇ. ನಿಲ್ಲಿಸಿ, ಸೊಂಟದಿಂದ ಪಾದದವರೆಗೆ ತೆಗೆದಿದ್ದರು. ಡಾಕ್ಟರು ಅದರ ಮೇಲೆ ಸ್ಕೇಲ್ ಇಟ್ಟು ಸೊಂಟದ ಕೀಲಿನಿಂದ ಪಾದದ ಕೀಲಿಗೆ ಗೆರೆ ಎಳೆದರು. ಅದು ಮಂಡಿಯ ನಡುವೆ ಹಾಯಬೇಕಂತೆ. ನನ್ನ ಕಾಲು ಬಿಲ್ಲಿನ ಹಾಗೆ ಬಾಗಿತ್ತಲ್ಲ, ಗೆರೆ ಒಳಪಕ್ಕಕ್ಕೆ ಸರಿದಿತ್ತು. ತೊಡೆಮೂಳೆಯೊಳಗೆ ಕಂಬಿ ತೂರಿಸಿ, ಅದರ ಆಧಾರದ ಮೇಲೆ ಅಚ್ಚು ಕೂರಿಸಿ, ಅಚ್ಚಿನ ಸೀಳಿನಲ್ಲಿ ಗರಗಸ ಆಡಿಸುತ್ತಾರೆ. ನೇರಕ್ಕಿಂತ 3 ಡಿಗ್ರಿ ಆಚೀಚೆ ಆದರೂ ಸರಿ ಎಂಬುದು ಹಳೇ ಲೆಕ್ಕ. ಕೀಲು ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದು ಡಾಕ್ಟರ ಕೈಗೆ ಗೊತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು, ಹಾಗಾಗಿ ನನಗೆ ಅರೆಬರೆ ಎಚ್ಚರ. ಪರದೆಯ ಆಚೆ ಥೇಟ್ ಬಡಗಿ ಕೆಲಸ. ಸುತ್ತಿಗೆ ಏಟು ಬಿದ್ದಾಗಲೆಲ್ಲ ನೋವಿಲ್ಲದಿದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು.

ಬಲಗಾಲಿಗೆ ಮೊದಲೇ ಸಿ.ಟಿ. ಸ್ಕ್ಯಾನ್ ಆಯ್ತು. (ಎಲ್ಲ ರೋಬೋಟ್‌ಗಳಿಗೂ ಇದು ಬೇಕಿಲ್ಲ.) ಡಾಕ್ಟರು ನನ್ನ ಮಂಡಿಯನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ ತೋರಿಸಿದರು. ಒಳಪಕ್ಕ ಸವೆದು ಮೂಳೆಗೆ ಮೂಳೆ ತಾಗಿತ್ತು. ಯಾವ ಸೈಜಿನ ಇಂಪ್ಲಾಂಟ್, ಅಂದರೆ ಕೂರಿಸುವ ಕೃತಕ ಕೀಲು, ಎಂಬುದು ಅಲ್ಲೇ ಗೊತ್ತಾಯ್ತು. ಆಪರೇಷನ್ ದಿನ ತೊಡೆಮೂಳೆಗೂ ಕಾಲಿನ ಮೂಳೆಗೂ ಎರಡೆರಡು ಪಿನ್ ಹಾಕಿ, ಅವುಗಳ ಮೇಲೆ ಪುಟ್ಟ ಗುಂಡುಗಳನ್ನು ಕೂರಿಸಿದರಂತೆ. ಕ್ಯಾಮೆರಾ ಆ ಗುಂಡುಗಳನ್ನು ನೋಡಿ ಕಾಲು ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಕಾಲನ್ನು ಮಡಚಿ, ಚಾಚಿ, ಪಕ್ಕಕ್ಕೆ ಒತ್ತಿದರೆ ಮೂಳೆಗಳ ನಡುವಿನ ಜಾಗ ಮಿಲಿಮೀಟರಿನಲ್ಲಿ ಬರುತ್ತದೆ. ಕತ್ತರಿಸುವ ಮೊದಲೇ ಇಂಪ್ಲಾಂಟನ್ನು ತೆರೆಯ ಮೇಲೆ ಒಂದು ಮಿಲಿಮೀಟರ್ ಸರಿಸಿ ನೋಡಬಹುದು. ನನಗೆ ಇಷ್ಟವಾಗಿದ್ದು ಇದು. ಹಳೇ ವಿಧಾನದಲ್ಲಿ ಕತ್ತರಿಸಿದ್ದು ಕತ್ತರಿಸಿದ ಹಾಗೇ ಅಲ್ವಾ?

ಅಂದಹಾಗೆ, ರೋಬೋಟ್ ತಾನೇ ಆಪರೇಷನ್ ಮಾಡುತ್ತದೆ ಅಂದುಕೊಂಡವರು ಬಹಳ. ನನಗೆ ಬಳಸಿದ ರೋಬೋಟಿನಲ್ಲಿ ಗರಗಸ ಹಿಡಿದ ತೋಳನ್ನು ನಡೆಸುವುದು ಡಾಕ್ಟರೇ. ಪ್ಲಾನಿನಲ್ಲಿ ಹಾಕಿಕೊಂಡ ಗೆರೆ ದಾಟಲು ಹೋದರೆ ತೋಳು ಬಿಗಿಯಾಗುತ್ತದೆ, ಗರಗಸ ನಿಲ್ಲುತ್ತದೆ. ಇದೇನು ನಿನ್ನೆ ಮೊನ್ನೆಯ ಕತೆಯೂ ಅಲ್ಲ. ರೋಬೋಡಾಕ್ ಎಂಬ ಯಂತ್ರ 1992ರಲ್ಲೇ ಸೊಂಟದ ಕೀಲಿನ ಆಪರೇಷನ್ನಿನಲ್ಲಿ ತೊಡೆಮೂಳೆ ಕೊರೆದಿತ್ತು.

ಈಗ ಫಲಿತಾಂಶ. ಎಡಮಂಡಿ 110 ಡಿಗ್ರಿ ಮಡಚುತ್ತದೆ, ಬಲದ್ದು 122. ಎಡಗಾಲಿಗೆ ಆರು ವಾರ ಕೋಲು ಬೇಕಾಯ್ತು, ಬಲಗಾಲಿಗೆ ಮೂರು. ರೋಬೋಟಿನದು ಹೊತ್ತು ಜಾಸ್ತಿ ಹಿಡಿಯಿತು, ಖರ್ಚೂ ಜಾಸ್ತಿ. ಮುಖ್ಯ ಗಾಯಕ್ಕಿಂತ ಕೆಳಗಿನ ಎರಡು ಪಿನ್ ತೂತುಗಳೇ ಹದಿನೈದು ದಿನ ಚುರುಚುರು ಅಂದವು.

ಹಾಗಾದರೆ ರೋಬೋಟ್ ಗೆದ್ದಿತಾ? ನನಗೆ ಅನುಮಾನ. 2016ರಲ್ಲಿ ನಾನು ಸುಮ್ನೆ ಹೋಗಿ ಮಲಗಿದವನು. 2023ರಲ್ಲಿ ಐದು ವಾರ ಮೊದಲೇ ಫಿಸಿಯೋ ಶುರು ಮಾಡಿಸಿದರು. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ಒತ್ತಿ ಹತ್ತು ಎಣಿಸುವುದು, ದಿನಕ್ಕೆ ಮೂರು ಸಲ. ಸಕ್ಕರೆ ಹತೋಟಿಗೆ ಬರುವ ತನಕ ದಿನಾಂಕವನ್ನೇ ಕೊಡಲಿಲ್ಲ. ಹುಳುಕು ಹಲ್ಲಿನಿಂದ ಸೋಂಕು ತಗುಲಬಾರದು ಅಂತ ಅದನ್ನೂ ಕೀಳಿಸಿದರು. ರಕ್ತ ಹೋಗುವುದು ಕಡಿಮೆಯಾಗಲು ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರು, ತೊಡೆಯ ನರದ ಹತ್ತಿರ ನೋವಿನ ಇಂಜೆಕ್ಷನ್ ಹಾಕಿದರು. ಅದೇ ಸಂಜೆ ವಾಕರ್ ಹಿಡಿದು ನಡೆದೆ. ಇದರಲ್ಲಿ ಯಾವುದಕ್ಕೂ ರೋಬೋಟ್ ಬೇಕಿಲ್ಲ, ನೋಡಿ.

ಅಧ್ಯಯನಗಳು ಹೇಳುವುದೂ ಸುಮಾರು ಹಾಗೇ. ರೋಬೋಟ್ ಇದ್ದರೆ ಇಂಪ್ಲಾಂಟ್ ಪ್ಲಾನ್‌ಗೆ ತಕ್ಕಂತೆ ಕೂರುತ್ತದೆ, ನಿಜ. ಆದರೆ ವರ್ಷಗಳ ಮೇಲೆ ನೋವು, ನಡಿಗೆಯಲ್ಲಿ ದೊಡ್ಡ ವ್ಯತ್ಯಾಸ ಇನ್ನೂ ಸಾಬೀತಾಗಿಲ್ಲ. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದಲ್ಲಿ ಪೂರ್ತಿ ಬದಲಿಸಿದ 100 ಮಂಡಿಗಳಲ್ಲಿ ಸುಮಾರು 82 ಮಂಡಿ 25 ವರ್ಷ ಬಾಳಿದ್ದವು. ಇಪ್ಪತ್ತೈದು ವರ್ಷದ ಹಿಂದಿನವು ಅಂದಮೇಲೆ ಕೈಯಲ್ಲಿ ಕೂರಿಸಿದ ಮಂಡಿಗಳೇ.

ಅದಕ್ಕೇ ಈಗ ಕೇಳಿದವರಿಗೆ ಯಂತ್ರದ ಹೆಸರು ಹೇಳುವುದಿಲ್ಲ. ಡಾಕ್ಟರು ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ ಕೇಳಿ, ಟವೆಲ್ ಒತ್ತುವುದನ್ನು ಇವತ್ತೇ ಶುರು ಮಾಡಿ ಅನ್ನುತ್ತೇನೆ. ಇನ್ನು ಗಾಯದ ಹೊರಪಕ್ಕ ಚರ್ಮ ಜೋಮು ಹಿಡಿದ ಹಾಗಿರುವುದು ಎರಡು ಕಾಲಿಗೂ ಉಂಟು. ನೆಲಕ್ಕೆ ಮಂಡಿಯೂರಲು ಎರಡೂ ಒಲ್ಲೆ ಅನ್ನುತ್ತವೆ.