ನಾಲ್ಕೆಲೆಯೋ ಐದೆಲೆಯೋ: ಜನ ಕಡಿಮೆ ಇರುವ ಒಮಾಹಾ ಮೇಜಿನಲ್ಲಿ

ಮೊದಲೇ ಹೇಳಿಬಿಡುತ್ತೇನೆ, ಪೋಕರ್‌ನ ಒಂದು ಬಗೆಯಾದ ಒಮಾಹಾದಲ್ಲಿ ನನ್ನ ಓಟು ನಾಲ್ಕೆಲೆಗೆ, ಅಂದರೆ ಒಬ್ಬೊಬ್ಬರ ಕೈಗೆ ನಾಲ್ಕು ಎಲೆ ಹಂಚುವ ಆಟಕ್ಕೆ. ಐದೆಲೆಗೆ ಅಂತ ಗೋವಾದ ತೇಲುವ ಕ್ಯಾಸಿನೋದಲ್ಲಿ 30,000 ರೂಪಾಯಿ ಬೈ-ಇನ್ (ಮೇಜಿಗೆ ಕೂರಲು ಹಾಕುವ ದುಡ್ಡು) ಕೊಟ್ಟು, ಎರಡು ಗಂಟೆ ತುಂಬುವ ಮೊದಲೇ ಬರಿಗೈಯಲ್ಲಿ ದೋಣಿಗೆ ಕಾಯುತ್ತಾ ನಿಂತವನು ನಾನು. ಎದುರಿಗೆ ಮಾಂಡೋವಿ ನದಿ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಮಹದಾಯಿಯೇ ಅಲ್ಲಿ ಮಾಂಡೋವಿ ಆಗುವುದು. ಊರಿನ ನೀರನ್ನೇ ನೋಡುತ್ತಾ ದುಡ್ಡು ಕಳೆದುಕೊಂಡೆ ಅನ್ನುವುದೊಂದೇ ಸಮಾಧಾನ.

ಒಮಾಹಾದ ನಿಯಮ ಚುಟುಕಾಗಿ ಹೇಳುತ್ತೇನೆ. ಕೈಯಿಂದ ಎರಡೇ ಎಲೆ, ಬೋರ್ಡಿನಿಂದ (ಮೇಜಿನ ಮಧ್ಯೆ ಎಲ್ಲರಿಗೂ ಸೇರಿ ತೆರೆದಿಡುವ ಐದೆಲೆ) ಮೂರೇ ಎಲೆ, ಬೆಟ್ಟು ಪಾಟ್‌ನ (ಮಧ್ಯೆ ಸೇರಿದ ದುಡ್ಡು) ಅಳತೆ ದಾಟುವಂತಿಲ್ಲ. ಅಷ್ಟು ಸಾಕು.

ನಾನು ಆಡುವುದು ಹೆಚ್ಚಾಗಿ ಮನೆಯಲ್ಲಿ, ಶನಿವಾರ ರಾತ್ರಿ. ನಾಲ್ಕು ಜನ, ಅಪರೂಪಕ್ಕೆ ಐದು. 2025ರ ಆಗಸ್ಟ್‌ನಲ್ಲಿ ದುಡ್ಡಿನ ಆನ್‌ಲೈನ್ ಆಟಕ್ಕೆ ನಿಷೇಧ ಹಾಕುವ ಕಾಯ್ದೆ ಬಂದ ಮೇಲೆ ಮೊಬೈಲ್ ಆಟ ನಿಂತಿತು. ಈಗ ಹುಣಸೆ ಬೀಜವೇ ನಮ್ಮ ಚಿಪ್ಪು. ಬೀಜ ಸೋತರೂ ಕೆಲವರಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಅದು ಬೇರೆ ವಿಷಯ. ಹಾಗೆ ನಾಲ್ವರ ಮೇಜಿನಲ್ಲಿ ನಾಲ್ಕೆಲೆ ಆಡಿ ಆಡಿ, ಜನ ಕಡಿಮೆ ಇದ್ದರೆ ಹೇಗೆ ಆಡಬೇಕು ಅನ್ನುವುದು ನನಗೆ ಕೈಗೆ ಹತ್ತಿತ್ತು. ಬಟನ್‌ನಲ್ಲಿ (ಫ್ಲಾಪ್ ಆದಮೇಲೆ ಎಲ್ಲರಿಗಿಂತ ಕೊನೆಗೆ ಆಡುವ ಜಾಗ) ಕೂತರೆ ಹತ್ತರಲ್ಲಿ ಐದು ಕೈ ರೈಸ್ ಮಾಡುತ್ತೇನೆ, ಅಂದರೆ ಬೆಟ್ಟು ಏರಿಸುತ್ತೇನೆ. ಒಬ್ಬನೇ ಎದುರಿದ್ದರೆ ಎರಡನೇ ದರ್ಜೆಯ ಸ್ಟ್ರೇಟ್‌ಗೂ (ಸ್ಟ್ರೇಟ್ ಅಂದರೆ ಸಾಲಾಗಿ ಬರುವ ಐದೆಲೆ) ಬೆಟ್ಟು ಕಟ್ಟುತ್ತೇನೆ. ಬೋರ್ಡಿನಲ್ಲಿ ಮೂರು ಆಟೀನ್ ಬಿದ್ದು ನನ್ನ ಹತ್ತಿರ ಬರೀ ಆಟೀನ್ ಎಕ್ಕ ಇದ್ದರೆ, ಫ್ಲಶ್ (ಒಂದೇ ಸೂಟ್‌ನ ಐದೆಲೆ) ಇರುವವನ ಥರ ನಟಿಸುತ್ತೇನೆ.

ಗೋವಾದಲ್ಲೂ ಅವತ್ತು ಮೇಜಿನಲ್ಲಿ ನಾಲ್ಕೇ ಜನ. ಆಟ ಐದೆಲೆ. ಒಂದೆಲೆ ಜಾಸ್ತಿ ಅಷ್ಟೇ ತಾನೇ ಅಂದುಕೊಂಡೆ. ತಪ್ಪಿದ್ದು ಅಲ್ಲೇ.

ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟುವ ದುಡ್ಡು) 100-200. ನಾನು ಬಟನ್. ಕೈಯಲ್ಲಿ ರಾಜ, ಜಾಕಿ, ಹತ್ತು, ಏಳು, ಆರು. ಪಾಟ್ ರೈಸ್ ಮಾಡಿದೆ, 700. ಇಬ್ಬರೂ ಬ್ಲೈಂಡ್‌ನವರು ಕಾಲ್ ಮಾಡಿದರು, ಅಂದರೆ ಅಷ್ಟಕ್ಕೇ ಸರಿ ಹಾಕಿದರು, ಪಾಟ್ 2,100. ಫ್ಲಾಪ್ (ಬೋರ್ಡಿನ ಮೊದಲ ಮೂರೆಲೆ) ಒಂಬತ್ತು, ಎಂಟು, ಎರಡು, ಮೂರೂ ಬೇರೆ ಬೇರೆ ಸೂಟ್. ನನ್ನ ಕಣ್ಣಿಗೆ ಹಬ್ಬ! ರಾಣಿ, ಜಾಕಿ, ಹತ್ತು, ಏಳು, ಆರು, ಐದು, ಯಾವುದು ಬಂದರೂ ಸ್ಟ್ರೇಟ್. ಒಟ್ಟು 20 ಔಟ್, ಅಂದರೆ ನನಗೆ ಬೇಕಾದ ಎಲೆ. ಬೋರ್ಡಿನ ಕೊನೆಯ ಎಲೆಯಾದ ರಿವರ್ ಮುಗಿಯುವುದರೊಳಗೆ ಒಂದಾದರೂ ಬೀಳುವ ಅವಕಾಶ ಸುಮಾರು 70%. ಅವರು ಚೆಕ್ ಮಾಡಿದರು (ಏನೂ ಕಟ್ಟದೆ ಸುಮ್ಮನಿದ್ದರು), ನಾನು 2,100 ಕಟ್ಟಿದೆ, ಬಿಗ್ ಬ್ಲೈಂಡ್‌ನವನು ಕಾಲ್ ಮಾಡಿದ. ನಾಲ್ಕನೇ ಎಲೆಯಾದ ಟರ್ನ್‌ನಲ್ಲಿ ಹತ್ತು ಬಿತ್ತು. ಜಾಕಿಯವರೆಗೆ ಸ್ಟ್ರೇಟ್ ಆಯಿತು. ಅವನು ಮತ್ತೆ ಚೆಕ್. ಪಾಟ್ 6,300, ಅಷ್ಟನ್ನೂ ಕಟ್ಟಿದೆ. ಅವನು ನಿಧಾನವಾಗಿ 25,200ಕ್ಕೆ ಏರಿಸಿದ. ನನ್ನ ಮುಂದೆ ಉಳಿದಿದ್ದದ್ದು 20,900.

ಮನೆ ಮೇಜಿನ ಅಭ್ಯಾಸ ನೋಡಿ, 'ನಾಲ್ಕೇ ಜನ, ಇವನ ಹತ್ತಿರ ರಾಣಿ-ಜಾಕಿ ಎರಡೂ ಇರುತ್ತಾ?' ಅಂತ ಮನಸ್ಸು ಹೇಳಿತು. ಇನ್ನೂ 18,900 ಹಾಕಿ ಕಾಲ್ ಮಾಡಿದೆ. ಅವನ ಹತ್ತಿರ ಇತ್ತು. ಜತೆಗೆ ಎರಡು ಒಂಬತ್ತೂ ಇತ್ತು. ರಿವರ್‌ನಲ್ಲಿ ನಾಲ್ಕು ಬಿತ್ತು, ಉಳಿದ 2,000ವೂ ಹೋಯಿತು.

ಬೆಂಗಳೂರಿಗೆ ಬಸ್ಸಿನಲ್ಲಿ ವಾಪಸ್ ಬರುವಾಗ ಆ ಕೈಯನ್ನು ಬಿಡಿಸಿ ನೋಡಿದೆ. ಇಪ್ಪತ್ತು ಔಟ್ ಅಂತ ಹಿಗ್ಗಿದೆನಲ್ಲ, ಅದರಲ್ಲಿ ನಟ್ಸ್ (ಆ ಬೋರ್ಡಿಗೆ ಸಾಧ್ಯವಿರುವ ಎಲ್ಲಕ್ಕಿಂತ ದೊಡ್ಡ ಕೈ) ಆಗುವುದು 14 ಮಾತ್ರ. ರಾಣಿ, ಏಳು, ಆರು, ಐದು ಬಂದರೆ ನನ್ನದೇ ದೊಡ್ಡದು. ಜಾಕಿ ಅಥವಾ ಹತ್ತು ಬಂದರೆ ರಾಣಿ ಹಿಡಿದವನು ಮೇಲೆ ಕೂರುತ್ತಾನೆ. ಅದೇ ಫ್ಲಾಪ್‌ಗೆ ಕೈಯಲ್ಲಿ ರಾಣಿ, ಜಾಕಿ, ಹತ್ತು ಇದ್ದಿದ್ದರೆ ಔಟ್ 13 ಅಷ್ಟೇ, ಆದರೆ ಹದಿಮೂರೂ ನಟ್ಸ್. ನಾಲ್ಕೆಲೆಯಲ್ಲಿ ನಾನು ಇಪ್ಪತ್ತರದ್ದನ್ನು ಖುಷಿಯಾಗಿ ಆಡುತ್ತೇನೆ. ಐದೆಲೆಯಲ್ಲಿ ಹದಿಮೂರರದ್ದೇ ಬೇಕು. ಇದು ನನಗೆ ಗೊತ್ತಾಗಲು 30,000 ಬೇಕಾಯಿತು.

ಯಾಕೆ ಹೀಗೆ? ಕುರ್ಚಿ ಎಣಿಸಬೇಡಿ, ಕಾಂಬೋ ಎಣಿಸಿ. ನಾಲ್ಕೆಲೆಯಲ್ಲಿ ಒಬ್ಬನ ಕೈಯಲ್ಲಿ ಎರಡೆರಡು ಎಲೆಯ 6 ಕಾಂಬೋ ಇರುತ್ತವೆ. ಐದೆಲೆಯಲ್ಲಿ 10. ನಾಲ್ವರ ಮೇಜಿನಲ್ಲಿ ಎದುರಾಳಿಗಳು ಮೂವರು. ನಾಲ್ಕೆಲೆ ಆದರೆ ಎದುರಿಗೆ 18 ಕಾಂಬೋ. ಐದೆಲೆ ಆದರೆ 30. ಈಗ ಆರು ಜನರ ನಾಲ್ಕೆಲೆ ಮೇಜು ನೋಡಿ: ಎದುರಾಳಿಗಳು ಐವರು, ಐದಾರಲಿ 30. ಅಂದರೆ ನಾಲ್ವರ ಐದೆಲೆ ಮೇಜಿನಲ್ಲಿ ಕೂತವನು ಲೆಕ್ಕದಲ್ಲಿ ಆರು ಜನರ ಮೇಜಿನಲ್ಲೇ ಕೂತಿರುತ್ತಾನೆ. ನಾನು ಖಾಲಿ ಕುರ್ಚಿ ನೋಡಿ ಧೈರ್ಯ ಮಾಡಿದ್ದೆ. ರಮ್ಮಿಯಲ್ಲಿ ಪಳಗಿದ ನಮ್ಮ ಚಿಕ್ಕಪ್ಪನಿಗೆ ಇದನ್ನು ಹೇಳಿದರೆ, "ಮೂರು ಜನದ ಹತ್ರ ಹದಿನೈದು ಎಲೆ ಇತ್ತಲ್ಲೋ, ಅದನ್ನ ನೋಡ್ಲಿಲ್ವಾ?" ಅಂದರು. ಅವರು ಒಮಾಹಾ ಒಂದು ಕೈಯೂ ಆಡಿದವರಲ್ಲ.

ಬರೀ ಎಕ್ಕದ ನಾಟಕವೂ ಇದೇ ಕಾರಣಕ್ಕೆ ಅಲ್ಲಿ ನಡೆಯುವುದಿಲ್ಲ. ಬೋರ್ಡಿನಲ್ಲಿ ಒಂದೇ ಸೂಟ್‌ನ ಮೂರೆಲೆ ಇದ್ದಾಗ, ಒಬ್ಬೊಬ್ಬ ಎದುರಾಳಿಗೂ ಫ್ಲಶ್ ಇರುವ ಸಾಧ್ಯತೆ ನಾಲ್ಕೆಲೆಯಲ್ಲಿ ಸುಮಾರು 18%, ಐದೆಲೆಯಲ್ಲಿ ಸುಮಾರು 27%. ನಿಮ್ಮ ಕೈ ನೋಡುವ ಮೊದಲಿನ ಲೆಕ್ಕ ಇದು. ಎಕ್ಕ ನಿಮ್ಮಲ್ಲೇ ಇದ್ದರೆ ಎರಡೂ ಸ್ವಲ್ಪ ಇಳಿಯುತ್ತವೆ. ಮನೆಯಲ್ಲಿ ಹೀಗೆ ಕಟ್ಟಿದರೆ ಸೆಟ್ (ಒಂದೇ ಅಂಕಿಯ ಮೂರೆಲೆ) ಹಿಡಿದವನೂ ಗೊಣಗಿಕೊಂಡು ಎಲೆ ಇಡುತ್ತಾನೆ. ಐದೆಲೆಯಲ್ಲಿ ರಾಜನ ಫ್ಲಶ್ ಹಿಡಿದವನು ಯಾಕೆ ಬಿಡುತ್ತಾನೆ? ರೀಬೈ (ಮತ್ತೆ ದುಡ್ಡು ಹಾಕಿ ಕೂರುವುದು) ಬೇಡ ಅನ್ನಿಸುವಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು, ಪುಣ್ಯ.

ಎಕ್ಕದ ಜೋಡಿ ಪ್ರಿಯರಿಗೆ ಐದೆಲೆ ಆಸೆ ತೋರಿಸುತ್ತದೆ. ನಾಲ್ಕೆಲೆಯಲ್ಲಿ ಸುಮಾರು 39 ಕೈಗೊಮ್ಮೆ ಎರಡು ಎಕ್ಕ ಬಂದರೆ, ಐದೆಲೆಯಲ್ಲಿ 24 ಕೈಗೊಮ್ಮೆ. ಆದರೆ ಜೋಡಿ ಜತೆ ಬರುವ ಎಲೆಗಳಿಗೆ ಸೂಟ್ ಇಲ್ಲ, ಸಾಲೂ ಇಲ್ಲ ಅಂದರೆ ಅದು ಬರೀ ಒಂದು ಜೋಡಿ. ನಾಲ್ವರ ನಾಲ್ಕೆಲೆಯಲ್ಲಿ ನಾನು ಅದನ್ನೂ ಮತ್ತೆ ರೈಸ್ ಮಾಡಿ ಒಬ್ಬನನ್ನೇ ಉಳಿಸಿಕೊಳ್ಳುತ್ತೇನೆ. ಐದೆಲೆಯಲ್ಲಿ ಯಾರೂ ಎಲೆ ಬಿಟ್ಟು ಹಿಂದೆ ಸರಿಯುವುದಿಲ್ಲ, ಸುಮ್ನೆ ಪಾಟ್ ಊದುತ್ತದೆ.

ಬಟನ್ ಎರಡರಲ್ಲೂ ಚಿನ್ನ. ಇದಕ್ಕೆ ಜಾಸ್ತಿ ಮಾತು ಬೇಡ.

ಬ್ಲೈಂಡ್ ವಿಷಯದಲ್ಲಿ ಮಾತ್ರ ಒಂದು ಕಿವಿಮಾತು. ನಾಲ್ವರ ಮೇಜಿನಲ್ಲಿ ನಾಲ್ಕರಲ್ಲಿ ಎರಡು ಕೈ ನೀವು ಬ್ಲೈಂಡ್‌ನಲ್ಲೇ ಇರುತ್ತೀರಿ. ಕಾಯುತ್ತಾ ಕೂತರೆ ಒಂದು ಸುತ್ತಿಗೆ ಒಂದೂವರೆ ಬಿಗ್ ಬ್ಲೈಂಡ್ ಸೋರುತ್ತದೆ, ಆ ಸುತ್ತು ನಾಲ್ಕೇ ಕೈಗೆ ಮುಗಿಯುತ್ತದೆ. ಹಾಗಾಗಿ ನಾಲ್ಕೆಲೆಯಲ್ಲಿ ಬಿಗ್ ಬ್ಲೈಂಡ್‌ನಿಂದ ಎರಡು ಸೂಟ್ ಇರುವ ಕೈ, ಒತ್ತೊತ್ತಾದ ಸಾಲಿನ ಕೈ, ಇವನ್ನೆಲ್ಲ ಆಡುತ್ತೇನೆ. ಐದೆಲೆಯಲ್ಲಿ ಎಲ್ಲ ಕೈಯೂ ಚೆನ್ನಾಗಿಯೇ ಕಾಣುತ್ತದೆ, ಅದೇ ಬಲೆ. ಒಂದೆಲೆ ಸುಮ್ನೆ ತೂಗುತ್ತಿದ್ದರೆ, ನನ್ನ ಆ ರಾಜನ ಹಾಗೆ, ನಿಮ್ಮದು ಐದೆಲೆ ಆಟದಲ್ಲಿ ನಾಲ್ಕೆಲೆ ಕೈ ಅಂತ ತಿಳಿಯಿರಿ. ಮಿಕ್ಕವರು 10 ಕಾಂಬೋ ಹಿಡಿದು ಆಡುತ್ತಿರುತ್ತಾರೆ.

ಐದೆಲೆಯ ಪರವಾಗಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮಜಾ ಇದೆ. ಹೊಸಬರು ಬೇಜಾರಾಗದೆ ಕೂರುತ್ತಾರೆ, ಪ್ರತಿ ಫ್ಲಾಪ್‌ನಲ್ಲೂ ಏನಾದರೊಂದು ಸಿಗುತ್ತದೆ. ನಟ್ಸ್ ಬರುವವರೆಗೆ ತಾಳ್ಮೆಯಿಂದ ಕೂರಬಲ್ಲವರು, ಒಂದು ರಾತ್ರಿಗೆ ಮೂರು ನಾಲ್ಕು ಬೈ-ಇನ್ ಜೇಬಿನಲ್ಲಿ ಇಟ್ಟುಕೊಂಡವರು, ಅಲ್ಲಿ ಚೆನ್ನಾಗಿ ಗೆಲ್ಲುತ್ತಾರೆ. ನನಗೆ ಎರಡೂ ಇಲ್ಲ. ವರ್ಷಕ್ಕೊಂದು ಗೋವಾ ಟ್ರಿಪ್, ಒಂದೇ ಬೈ-ಇನ್, ಮತ್ತೆ ಕೈ ಸುಮ್ಮನಿರದ ಸ್ವಭಾವ. ಇಂಥವನಿಗೆ ಎರಡನೇ ದರ್ಜೆಯ ಕೈಯೂ ಕೆಲವೊಮ್ಮೆ ಅನ್ನ ಹಾಕುವ ಆಟವೇ ಸರಿ.

ಆರೆಲೆ ಆಟವನ್ನೂ ಒಂದು ರಾತ್ರಿ ಬೀಜದಲ್ಲಿ ಆಡಿ ನೋಡಿದೆವು. ಒಬ್ಬನಿಗೆ 15 ಕಾಂಬೋ, ಮೂವರಿಗೆ 45. ಅರ್ಧ ಹೊತ್ತು ಎಲೆ ಜೋಡಿಸುವುದರಲ್ಲೇ ಹೋಯಿತು, ಬಿಟ್ಟೆವು.

ಮುಂದಿನ ಸಲ ಹೋದಾಗ ಮೇಜಿಗೆ ಹೆಸರು ಬರೆಸುವ ಮೊದಲೇ ಎಷ್ಟೆಲೆ ಅಂತ ಕೇಳುತ್ತೇನೆ. ಐದು ಅಂದರೆ ಪಣಜಿಯಲ್ಲಿ ಮೀನೂಟ ಮಾಡಿ ರಾತ್ರಿ ಬಸ್ಸು ಹತ್ತುತ್ತೇನೆ.